ಗೌರಿಹೂವಿನ ಎಲೆತುದಿ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯಾದ ನಾನೂ ಏನಾದರೂ ಬರೆಯಬೇಕೆಂದು ಅಪ್ಪಣೆಯಾಗಿರುತ್ತದೆ. ಕಥೆ ಕಟ್ಟುವ ಶಕ್ತಿ ನನಗಿಲ್ಲ. ಆದುದರಿಂದ ಗಿಡಬಳ್ಳಿಗಳ ಛಾಯಾಚಿತ್ರ ತೆಗೆಯುವ ನನ್ನ ಹವ್ಯಾಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ, ಅದರಿಂದ ಈ ಶಾಲೆಯ ಮಕ್ಕಳಿಗೇ ಆದ ಹಾನಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಭಾದ್ರಪದ ಮಾಸದಲ್ಲಿ ನಮ್ಮ ತೋಟದ ಬೇಲಿಯ ಮೇಲೆ ಗೌರಿಹೂ ಅರಳಿತ್ತು. ಗೌರಿಹಬ್ಬದ ಕಾಲಕ್ಕೆ ಬಿಡುವುದರಿಂದ ಅದಕ್ಕೆ ಆ ಹೆಸರು. ಆರು ಎಸಳುಗಳೂ ಹಿಮ್ಮುಖವಾಗಿ ಮಡಿಸಿ ಜ್ವಾಲೆಯಂತೆ ಮೇಲಕ್ಕೆ ನಿಲ್ಲುವುದರಿಂದ ಅಗ್ನಿಶಿಖೆ ಎಂತಲೂ ಕರೆಯುವರು. ಹೊಸದಾಗಿ ಅರಳಿದ ಹೂವು ಹಸುರು ಬೆರೆತ ಹಳದಿ. ದಿನ ಕಳೆದಂತೆ ಕೆಂಪೇರುವುದು. (ಇಡೀ ಬಳ್ಳಿಯೇ ವಿಷ, ಅದರಲ್ಲಿಯೂ ಗೆಡ್ಡೆಯು ಘೋರ ವಿಷ. ತಾಯಿತಂದೆಗಳು ಇದನ್ನು ಮಕ್ಕಳಿಗೆ ಹೇಳಿಡತಕ್ಕದ್ದು.)

ಹೂವಿನ ಚಿತ್ರವನ್ನು ಬಹು ಹತ್ತಿರದಿಂದ ತೆಗೆಯಹೋದವರಿಗೆ ಒಂದು ಸಂಕಟವುಂಟು. ಕೇಸರವು ಸ್ಪಷ್ಟವಾಗಿ ಬಂದರೆ ಎಸಳು ಮಸುಕು. ಎಸಳು ಸ್ಪಷ್ಟವಾದರೆ ಹಿಂದಿನ ಎಲೆ ಮಸುಕು. ಆದಕಾರಣ ಕ್ಯಾಮರಾವನ್ನು ಅಲುಗದಂತೆ ನಿಲ್ಲಿಸಿ, ಫೋಕಸ್ಸನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಸರಿಸುತ್ತಾ ಒಂಬತ್ತು ಚಿತ್ರಗಳನ್ನು ತೆಗೆದೆನು. ಗಾಳಿ ನಿಲ್ಲುವುದನ್ನು ಕಾಯುತ್ತಾ ಕಾಯುತ್ತಾ ಬೆಳಗೆಲ್ಲ ಕಳೆಯಿತು. ಒಲೆಯ ಮೇಲಿನ ಸಾರು ಸೀದುಹೋಯಿತು.

ಅನಂತರದ ಕೆಲಸ ಕಂಪ್ಯೂಟರಿನಲ್ಲಿ. 1994ರಲ್ಲಿ ಫೋಟೋಶಾಪಿಗೆ ಬಂದ ಲೇಯರ್ ಎಂಬ ಪದರಗಳ ಸೌಕರ್ಯವು ಈಗ ಇಂಥ ಅನೇಕ ತಂತ್ರಾಂಶಗಳಲ್ಲಿದೆ. ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಇಟ್ಟಂತೆ ಒಂಬತ್ತು ಚಿತ್ರಗಳನ್ನೂ ಪೇರಿಸಿ, ಒಂದೊಂದಕ್ಕೂ ಮುಸುಕು ಹಾಕಬಹುದು. ಮುಸುಕಿಗೆ ಕಪ್ಪು ಬಳಿದರೆ ಆ ಭಾಗ ಮರೆಯಾಗುವುದು. ಬಿಳಿ ಬಳಿದರೆ ಮರಳಿ ಕಾಣುವುದು. ಹೀಗೆ ಒಂಬತ್ತರಲ್ಲಿ ಸ್ಪಷ್ಟವಾದುದನ್ನೆಲ್ಲ ಕೂಡಿಸಿ ಒಂದು ಚಿತ್ರ ಮಾಡಿದೆನು. ಇಲ್ಲಿಯವರೆಗೆ ದೋಷವೇನೂ ಇರಲಿಲ್ಲ.

ಆದರೆ ನನಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಹತ್ತನೆಯ ಪದರವೊಂದನ್ನು ಮಾಡಿ ಅದರಲ್ಲಿ ಹುಳು ತಿಂದ ಎಲೆಯ ತೂತುಗಳನ್ನು ಮುಚ್ಚಿದೆನು. ಹಳದಿ ಹೂವಿಗೆ ಪಕ್ಕದ ಹೂವಿನ ಕೆಂಪನ್ನು ಬಳಿದೆನು. ಎಲೆಗಳ ತುದಿಗಳು ಏನನ್ನೂ ಹಿಡಿಯದೆ ಸುರುಳಿಗೊಂಡು ಹೂವಿಗೆ ಅಡ್ಡವಾಗಿದ್ದವು. ಒಣಗಿದ ಕಸವೆಂದು ಅವನ್ನೆಲ್ಲ ಅಳಿಸಿ ತುದಿಗಳನ್ನು ಅಂದವಾಗಿ ಚೂಪು ಮಾಡಿದೆನು. ಕಡೆಗೆ ಪದರಗಳನ್ನೆಲ್ಲ ಒಂದುಗೂಡಿಸಿ, ಸ್ಥಳ ಸಾಲದೆಂದು ಮೂಲದ ಒಂಬತ್ತು ಚಿತ್ರಗಳನ್ನೂ ತೆಗೆದುಹಾಕಿಬಿಟ್ಟೆನು. ಚಿತ್ರಕ್ಕೆ ಕಟ್ಟು ಹಾಕಿಸಿ ಶಾಲೆಗೆ ಕಾಣಿಕೆಯಾಗಿ ಕೊಟ್ಟಾಗ ಎಲ್ಲರೂ ಹೊಗಳಿದರು. ವಿಜ್ಞಾನದ ಕೊಠಡಿಯಲ್ಲಿ ಅದನ್ನು ತೂಗುಹಾಕಿದರು.

ಎರಡು ತಿಂಗಳಾದ ಮೇಲೆ, ನಮಗೆ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಉಪಾಧ್ಯಾಯಿನಿಯವರು ಶಾಲೆಯ ಸಮಾರಂಭಕ್ಕೆ ಬಂದಿದ್ದರು. ಕನ್ನಡಕವನ್ನು ಹಣೆಗೇರಿಸಿ ಚಿತ್ರವನ್ನು ಬಹಳ ಹೊತ್ತು ನೋಡಿ, “ಏನಮ್ಮಾ, ಈ ಬಳ್ಳಿ ಬೇಲಿ ಹತ್ತಿದ್ದು ಯಾವ ಕೈಯಿಂದ?” ಎಂದು ಕೇಳಿದರು. ನಾನು ತಲೆತಗ್ಗಿಸಿದೆನು. ಗೌರಿಹೂವಿನ ಎಲೆಯ ತುದಿಯೇ ನೀಳವಾಗಿ ಸುರುಳಿ ಸುತ್ತಿ ಆಸರೆಯನ್ನು ಹಿಡಿಯುವುದೆಂದು ಇದೇ ಕೊಠಡಿಯಲ್ಲಿ ಅವರೇ ನಮಗೆ ತೋರಿಸಿದ್ದರು.

ಮೇಜಿನ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳ ಚಿತ್ರಪುಸ್ತಕಗಳಿದ್ದವು. ನನ್ನ ಚಿತ್ರವನ್ನು ನೋಡಿ ಬರೆದ ಕೈಯಿಲ್ಲದ ಬಳ್ಳಿ ಪುಟಪುಟದಲ್ಲಿಯೂ ಇತ್ತು. ಒಬ್ಬ ಹುಡುಗಿ ಮಾತ್ರ ತನ್ನ ಹಿತ್ತಲ ಬಳ್ಳಿಯಲ್ಲಿ ಕಂಡಂತೆ ಸುರುಳಿಗಳನ್ನು ಬರೆದು, ಗೋಡೆಯ ಚಿತ್ರಕ್ಕೆ ಹೋಲಲಿಲ್ಲವೆಂದು ಅವನ್ನು ರಬ್ಬರಿನಿಂದ ಉಜ್ಜಿದ್ದಳು. ಆ ಗುರುತು ಕಾಗದದಲ್ಲಿ ಹಾಗೆಯೇ ಇತ್ತು.

ಚಿತ್ರವನ್ನು ಅಂದೇ ಇಳಿಸಿ ತಂದೆನು. ತಿದ್ದೋಣವೆಂದರೆ ಮೂಲವಿಲ್ಲ, ಮತ್ತೆ ತೆಗೆಯೋಣವೆಂದರೆ ಮಳೆಗಾಲ ಮುಗಿದು ಬಳ್ಳಿ ಒಣಗಿ, ಗೆಡ್ಡೆ ಮಾತ್ರ ನೆಲದೊಳಗಿತ್ತು. ಮರುವರ್ಷದ ಭಾದ್ರಪದದವರೆಗೆ ಕಾಯಬೇಕಾಯಿತು. 1843ರಲ್ಲಿ ಇಂಗ್ಲೆಂಡಿನ ಆನಾ ಅಟ್ಕಿನ್ಸ್ ಎಂಬಾಕೆ ಕಡಲ ಪಾಚಿಗಳನ್ನೇ ಕಾಗದದ ಮೇಲಿರಿಸಿ ಬಿಸಿಲಿಗೊಡ್ಡಿ ನೀಲಿ ಅಚ್ಚುಗಳ ಪುಸ್ತಕವನ್ನು ಹೊರಡಿಸಲು ತೊಡಗಿದ ಸಂಗತಿಯನ್ನು ಆ ದಿನಗಳಲ್ಲಿಯೇ ಓದಿದೆನು. ಆಕೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಈಗಿನ ಚಿತ್ರದ ಪದರಗಳೆಲ್ಲ ಬೇರೆಬೇರೆಯಾಗಿಯೇ ಇವೆ. ಎಲೆಯಲ್ಲಿ ತೂತುಗಳಿವೆ, ಒಂದು ಎಲೆಯ ತುದಿ ಪಕ್ಕದ ಹುಲ್ಲುಕಡ್ಡಿಯನ್ನು ಎರಡು ಸುತ್ತು ಸುತ್ತಿಕೊಂಡಿದೆ. ಆ ಹುಡುಗಿ ಅಷ್ಟರಲ್ಲಿ ಹತ್ತನೆಯ ತರಗತಿಗೆ ಬಂದಿದ್ದಳು. ಚಿತ್ರವನ್ನು ಗೋಡೆಗೆ ಹಾಕುವಾಗ ಮೊಳೆ ಎತ್ತಿಕೊಡಲು ಅವಳನ್ನೇ ಕರೆಯಿಸಿಕೊಂಡೆನು.