ತಪ್ಪಾಯ್ತು

'ತಪ್ಪು' ಕನ್ನಡದಲ್ಲಿ ಹೆಸರೂ ಹೌದು, ಕ್ರಿಯೆಯೂ ಹೌದು. ದಾರಿ ತಪ್ಪುತ್ತದೆ, ಗುರಿ ತಪ್ಪುತ್ತದೆ, ತಾಳ ತಪ್ಪುತ್ತದೆ, ಸಾರಿನ ಹದ ತಪ್ಪುತ್ತದೆ. ಹುಣಸೂರಿನಿಂದ ಗಾವಡಗೆರೆಗೆ ಹೊರಟ ಕೊನೆಯ ಬಸ್ಸನ್ನು ಹಿಡಿಯಲಾಗದವನು 'ಬಸ್ ತಪ್ಪೋಯ್ತು' ಎಂದು ಕೈಚೆಲ್ಲುತ್ತಾನೆ. ಅದೇ ಬಸ್ಸು ದಾರಿಯಲ್ಲಿ ಹಳ್ಳಕ್ಕೆ ಇಳಿಯಿತೆಂಬ ಸುದ್ದಿ ಬಂದರೆ 'ಸದ್ಯ, ತಪ್ಪಿಸ್ಕಂಡೆ' ಎಂದು ನಿಟ್ಟುಸಿರು ಬಿಡುತ್ತಾನೆ. ನಷ್ಟಕ್ಕೂ ಪಾರಾದದ್ದಕ್ಕೂ ಒಂದೇ ಮಾತು. 'ತಪ್ಪದೆ ಬನ್ನಿ' ಎಂದು ಮದುವೆಗೆ ಕರೆಯುವಾಗಲೂ ಇರುವುದು ಅದೇ. ಇರಬೇಕಾದ ಜಾಗದಿಂದ ಜರುಗುವುದು ಈ ಎಲ್ಲದರ ತಳದಲ್ಲಿರುವ ಅರ್ಥ; ಜರುಗಿದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬುದು ಸಂದರ್ಭದ ಮಾತು. ತಮಿಳು, ತೆಲುಗಿನಲ್ಲೂ ಇದೇ ಪದ ಉಂಟು.

ದೂರದ ಭಾಷೆಗಳೂ ಇದೇ ದಾರಿ ತುಳಿದಿವೆ. ಇಂಗ್ಲಿಷಿನ 'ಎರರ್' ಲ್ಯಾಟಿನ್ನಿನಲ್ಲಿ ಅಲೆದಾಡುವುದು, ಅಂದರೆ ದಾರಿಗೆಟ್ಟ ನಡಿಗೆ. ಸಂಸ್ಕೃತದಲ್ಲಿ ಬಾಣ ಗುರಿ ತಪ್ಪಿದ ಬಿಲ್ಲುಗಾರನನ್ನು ಹೇಳುವ ಮಾತಿನಲ್ಲಿ ಇರುವುದು 'ಅಪರಾಧ'ದ ಧಾತುವೇ. ಆ ಬಿಲ್ಲುಗಾರನ ಗುರಿ ಕನ್ನಡಕ್ಕೆ ಬರುವಷ್ಟರಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿತು. 'ಮಿಸ್ಟೇಕ್' ಮಾತ್ರ ಬೇರೆ ಜಾತಿಯದು: ಹಳೆಯ ನಾರ್ಸ್ ಭಾಷೆಯಲ್ಲಿ ಅದು ಒಂದನ್ನು ಹಿಡಿಯಲು ಹೋಗಿ ಇನ್ನೊಂದನ್ನು ಹಿಡಿಯುವುದು. ಇದು ದಾರಿಗಿಂತ ಕೈಗೆ ಸೇರಿದ ಮಾತು.

ತಪ್ಪಿಗೆ ಎದುರು ಪದ ಯಾವುದು? ಶಾಲೆಯಲ್ಲಿ 'ಸರಿ' ಎಂದು ಬರೆಸುತ್ತಾರೆ, ಅಂದರೆ ಸಮ, ತಕ್ಕಡಿ ನಿಂತ ಹಾಗೆ. ಹಳೆಯ ಜೋಡಿ 'ತಪ್ಪು–ಒಪ್ಪು'. ಒಪ್ಪುವುದೆಂದರೆ ಹೊಂದುವುದು, ಚೆಲುವಾಗಿ ಕಾಣುವುದು, ಸಮ್ಮತಿಸುವುದು. ಕನ್ನಡದ ಕಿವಿಗೆ ತಪ್ಪಿಲ್ಲದ್ದು ಅಂದವಾದದ್ದೂ ಹೌದು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಕಟ್ಟಿದ ಪದ 'ತಪ್ಪೊಪ್ಪಿಗೆ'. ಬೇರೆ ಭಾಷೆಯಿಂದ ತಂದ ಎಷ್ಟೋ ಪದಗಳಿಗೆ ಇಲ್ಲದ ಗಟ್ಟಿತನ ಅದಕ್ಕಿದೆ.

ಸಣ್ಣ ತಪ್ಪುಗಳನ್ನು ಕನ್ನಡ ಅಂಗಾಂಗಗಳಿಗೆ ಹಂಚಿಬಿಟ್ಟಿದೆ. ನೋಡುವಾಗ ಆದದ್ದು ಕಣ್ತಪ್ಪು, ಬರೆಯುವಾಗಲೋ ಎಣಿಸುವಾಗಲೋ ಆದದ್ದು ಕೈತಪ್ಪು, ಆಡುವಾಗ ಆದದ್ದು ಬಾಯ್ತಪ್ಪು. ಬಾಲ್ಟಿಕ್ ಕಡಲ ದಡದ ಲಾಟ್ವಿಯಾದವರ ಭಾಷೆ ಇದೇ ಕೆಲಸವನ್ನು ಒಂದು ಉಪಸರ್ಗದಿಂದ ಮಾಡಿಸುತ್ತದೆ. ಅಲ್ಲಿ ನೋಡಿ ತಪ್ಪಿದರೆ 'ಪಾರ್‌ಸ್ಕತೀತಿಯೆಸ್', ಬರೆದು ತಪ್ಪಿದರೆ 'ಪಾರ್‌ರಕ್‌ಸ್ತೀತಿಯೆಸ್', ಆಡಿ ತಪ್ಪಿದರೆ 'ಪಾರ್‌ತೆಯ್ಕ್‌ತಿಯೆಸ್', ಕೇಳಿ ತಪ್ಪಿದರೆ 'ಪಾರ್‌ಕ್ಲಔಸೀತಿಯೆಸ್'. ಮೊದಲಿಗೆ ಬರುವ 'ಪಾರ್' ಎಲ್ಲೆ ದಾಟಿದ್ದನ್ನು ಹೇಳುತ್ತದೆ. ಕೊನೆಯ 'ತಿಯೆಸ್' ಕ್ರಿಯೆಯನ್ನು ಮಾಡಿದವನ ಕಡೆಗೇ ತಿರುಗಿಸುತ್ತದೆ, ಹೆಚ್ಚುಕಡಿಮೆ ನಮ್ಮ 'ಕೊಳ್ಳು' ಇದ್ದ ಹಾಗೆ. 'ಎಡವಟ್ಟು ಮಾಡಿದ' ಎನ್ನುವುದಕ್ಕೂ 'ಎಡವಟ್ಟು ಮಾಡ್ಕಂಡ' ಎನ್ನುವುದಕ್ಕೂ ಇರುವ ಅಂತರ ಅದು: ಎರಡನೆಯದರಲ್ಲಿ ಪೆಟ್ಟು ಬಿದ್ದದ್ದು ಅವನಿಗೇ. ಕೇಳಿ ತಪ್ಪುವುದಕ್ಕೆ ಕನ್ನಡದಲ್ಲಿ 'ಕಿವಿತಪ್ಪು' ಎಂಬುದು ಬಳಕೆಗೆ ಬರಲಿಲ್ಲ. 'ಸರಿಯಾಗಿ ಕೇಳಿಸ್ಲಿಲ್ಲ' ಎಂದು, ಮಾತಾಡಿದವನ ಮೇಲೇ ಅರ್ಧ ಹೊರೆ ಹಾಕುವುದು ನಮ್ಮ ರೂಢಿ.

ಕನ್ನಡದ ಆ ಮೂರು ತಪ್ಪುಗಳಲ್ಲಿ ಕಣ್ತಪ್ಪಿಗೆ ಸರ್ಕಾರಿ ಮರ್ಯಾದೆ ಸಿಕ್ಕಿದೆ. ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿದ್ದರೆ ತಿದ್ದುಪಡಿಯ ಅರ್ಜಿಯಲ್ಲಿ 'ಕಣ್ತಪ್ಪಿನಿಂದಾಗಿ ತಪ್ಪಾಗಿ ನಮೂದಾಗಿರುತ್ತದೆ' ಎಂದು ಬರೆಯುವುದು ರೂಢಿ. ನಮೂದಿಸಿದವರು ಯಾರೆಂದು ವಾಕ್ಯ ಕೇಳುವುದಿಲ್ಲ. ಯಾರದೆಂದು ಹೇಳದ ಒಂದು ಕಣ್ಣು ಎಲ್ಲೋ ತಪ್ಪಿದೆ, ಅಷ್ಟೇ.

ತಪ್ಪು ಯಾರದು ಎಂಬ ಪ್ರಶ್ನೆಯಲ್ಲಿಯೇ ಭಾಷೆಗಳ ಸ್ವಭಾವ ಬಯಲಾಗುವುದು. ಇಂಗ್ಲಿಷಿನವರು ತಪ್ಪನ್ನು ಕುರ್ಚಿ ಮೇಜಿನ ಹಾಗೆ 'ಮೇಕ್' ಮಾಡುತ್ತಾರೆ. ಲಾಟ್ವಿಯನ್ನರಲ್ಲಿ ತಪ್ಪಿಗೆ 'ಕ್ಲ್ಯೂದಾ' ಎಂದು ಹೆಸರು. ಅದರ ಜೊತೆ ಬರುವ ಕ್ರಿಯಾಪದ 'ಪಿಯೆಲ್ಯಔತ್'. ಅದರರ್ಥ ಬಿಟ್ಟುಕೊಡು, ಆಗಗೊಡು. ಬಾಗಿಲು ತೆರೆದಿಟ್ಟದ್ದಕ್ಕೆ ತಪ್ಪು ಒಳಗೆ ಬಂತು ಎಂಬ ಭಾವ. ಕನ್ನಡದಲ್ಲಿ ತಪ್ಪು 'ಆಗುತ್ತದೆ'. ಮಾಡುವುದೂ ಉಂಟು, ಆದರೆ ಅದು ಸಾಮಾನ್ಯವಾಗಿ ಇನ್ನೊಬ್ಬರ ತಪ್ಪು. ಅವನು ತಪ್ಪು ಮಾಡಿದ, ನನ್ನಿಂದ ತಪ್ಪಾಯ್ತು.

ಗಾವಡಗೆರೆಯ ಸುತ್ತಿನ ಹೊಲಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ಬೆಳೆಯುವ ವರ್ಜೀನಿಯಾ ತಂಬಾಕಿನ ಹಸಿ ಸೊಪ್ಪನ್ನು ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ತೂಗುಹಾಕಿ ಐದಾರು ದಿನ ಬೇಯಿಸುತ್ತಾರೆ. ಮೊದಲು ಶಾಖ 35ರಿಂದ 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನಿಲ್ಲಬೇಕು. ಎಲೆ ಹಳದಿಗೆ ತಿರುಗುವುದು ಆಗಲೇ. ಆಮೇಲೆ ಮೆಲ್ಲಗೆ ಏರಿಸುತ್ತ ನಡುದಂಟು ಒಣಗುವ ಹೊತ್ತಿಗೆ 70ರ ಹತ್ತಿರಕ್ಕೆ ತರಬೇಕು. ಹಳದಿಯಾಗುವ ಮೊದಲೇ ಉರಿ ಹೆಚ್ಚಾದರೆ ಎಲೆಯ ಹಸಿರು ಅಲ್ಲಿಯೇ ಹೆಪ್ಪುಗಟ್ಟುತ್ತದೆ, ಮತ್ತೆ ಯಾವ ಉಪಾಯಕ್ಕೂ ಹಳದಿಯಾಗದು. ತಡವಾದರೆ ಕಂದು. ರಾತ್ರಿ ಒಲೆಯ ಮುಂದೆ ತೂಕಡಿಸಿದವನು ಬೆಳಿಗ್ಗೆ ಹೇಳುವ ಮಾತು 'ಉರಿ ಜಾಸ್ತಿ ಆಗೋಯ್ತು ಕನಣ್ಣ'. ಉರಿ ತಾನಾಗಿ ಜಾಸ್ತಿಯಾಗಿದೆ, ಸೌದೆ ತಾನಾಗಿ ಒಲೆಗೆ ಹೋಗಿದೆ! ಅಣ್ಣನಾದರೂ ಅದನ್ನು ಹಾಗೇ ಬಿಡುವುದಿಲ್ಲ: 'ಆಗೋಯ್ತೋ, ನೀ ಮಾಡ್ದೋ?' ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಬೇಲು ಬಿಚ್ಚಿ ನೋಡುವವರಿಗೆ ಈ ವ್ಯಾಕರಣ ಬೇಕಿಲ್ಲ. ಹಸಿರು ಕಂಡರೆ ದರ ಇಳಿಯುತ್ತದೆ.

ತಪ್ಪಿನ ತೂಕಕ್ಕೆ ತಕ್ಕಂತೆ ಪದ ಬದಲಾಗುತ್ತದೆ. ಬರವಣಿಗೆಯಲ್ಲಿ ಸಂಸ್ಕೃತದವು ಹೆಚ್ಚು: ಮೈಮರೆತದ್ದರಿಂದ ಆದದ್ದು ಪ್ರಮಾದ, ಇರಬೇಕಾದದ್ದು ಇಲ್ಲದಾದರೆ ಲೋಪ. ಲೋಪಸಂಧಿ ಓದಿದ ಮಕ್ಕಳಿಗೆ ಈ ಎರಡನೆಯದು ಚೆನ್ನಾಗಿ ಗೊತ್ತು. ಅಧಿಕಾರಿಗಳು ವಿಷಾದಿಸುವಾಗ 'ಅಚಾತುರ್ಯ' ಹೊರಬರುತ್ತದೆ, ಚತುರತೆಯೊಂದು ಸಾಲದಾಯಿತು ಎಂಬಂತೆ. ಹಳ್ಳಿಯ ಕಟ್ಟೆಯ ಮೇಲೆ ಇವುಗಳಿಗೆ ಕೆಲಸವಿಲ್ಲ. ಅಲ್ಲಿ 'ತೆಪ್ಪು', 'ಯಡವಟ್ಟು', ತೀರ ಹಗುರವಾದರೆ 'ಮಿಷ್ಟೀಕು'. ಇಂಗ್ಲಿಷಿನಿಂದ ಬಂದದ್ದಕ್ಕೆ ತಪ್ಪಿನ ಭಾರ ಕಡಿಮೆ. 'ಸಣ್ಣ ಮಿಷ್ಟೀಕು' ಎಂದವನು ಕ್ಷಮೆ ಕೇಳುತ್ತಿಲ್ಲ, ಮುಂದಿನ ಮಾತಿಗೆ ಹೋಗೋಣ ಎನ್ನುತ್ತಿದ್ದಾನೆ.

ಗಾದೆಗಳಲ್ಲಿ ತಪ್ಪಿನ ಬಗೆಬಗೆಯೂ ಸಿಗುತ್ತದೆ. ಫರ್ಡಿನೆಂಡ್ ಕಿಟೆಲ್ 1894ರ ತಮ್ಮ ನಿಘಂಟಿನಲ್ಲಿ ಪದಗಳ ಜೊತೆ ಗಾದೆಗಳನ್ನೂ ಪೋಣಿಸಿದ್ದು ಸುಮ್ಮನಲ್ಲ. ಪದದ ನಡತೆ ಗೊತ್ತಾಗುವುದು ಅಲ್ಲಿ. ತಪ್ಪು ಕಡೆ ಹುಡುಕುವುದಕ್ಕೆ ಇಂಗ್ಲಿಷಿನ ಮಾತಿನಲ್ಲಿ ನಾಯಿ ಪ್ರಾಣಿಯಿಲ್ಲದ ಮರದ ಬುಡದಲ್ಲಿ ನಿಂತು ಬೊಗಳುತ್ತದೆ. ಅಮೆರಿಕದ ರಕೂನ್ ಬೇಟೆಯಿಂದ ಬಂದ ಆ ಮಾತನ್ನು ಅಕ್ಷರಶಃ ಕನ್ನಡಕ್ಕೆ ತಂದರೆ ನಾಯಿಯೊಂದು ಬೊಗಳಿದ್ದಷ್ಟೇ ಉಳಿಯುತ್ತದೆ. ಇಲ್ಲಿಯದು ಕೊಟ್ಟಿಗೆಯ ಚಿತ್ರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕಾದ ಕಬ್ಬಿಣದ ಬರೆಯೇ ದನಗಳಿಗೆ ಮದ್ದಾಗಿದ್ದ ಕಾಲದ ಮಾತು. ಈ ಚಿತ್ರದಲ್ಲಿ ನೋವು ತಿನ್ನುವುದು ತಪ್ಪೇ ಮಾಡದ ಎಮ್ಮೆ, ಇಂಗ್ಲಿಷಿನ ಮರಕ್ಕೆ ಏನೂ ಆಗುವುದಿಲ್ಲ. ತಪ್ಪನ್ನು ನೆಲದ ಮೇಲೆ ಹಾಕುವ, ಕುಣಿಯಲಾರದವಳ ಗಾದೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮಾಡಿದ್ದಕ್ಕೆ 'ಹಗಲು ಕಂಡ ಬಾವಿಗೆ ಇರುಳು ಬಿದ್ದಂತೆ'. ಕೈಮೀರಿದ ಮೇಲಿನ ಎಚ್ಚರಕ್ಕೆ 'ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ'. ಸಮಾಧಾನಕ್ಕೂ ಒಂದಿದೆ: ಆನೆಯಂಥಾದ್ದೂ ಮುಗ್ಗರಿಸುತ್ತದೆ. ನಾಗರಹೊಳೆಯ ಅಂಚಿನಲ್ಲಿ ಬೆಳೆ ಕಾಯುವವರಿಗೆ ಆನೆ ಬರಿಯ ಉಪಮೆಯಲ್ಲ. ದಿಟ್ಟವಾಗಿ ಹೆಜ್ಜೆಯಿಡುವ ಆ ಪ್ರಾಣಿಯೇ ಮುಗ್ಗರಿಸೀತು ಎಂಬಲ್ಲಿ ಎಷ್ಟು ರಿಯಾಯಿತಿ ಇದೆ ಎಂಬುದು ಅವರಿಗೇ ಸರಿಯಾಗಿ ತಿಳಿದೀತು.

ಈ ರಿಯಾಯಿತಿ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿಲ್ಲ. ಗಂಡುಮಗ ಕೆಟ್ಟರೆ 'ದಾರಿ ತಪ್ಪಿದ'. 1975ರಲ್ಲಿ ರಾಜ್‌ಕುಮಾರ್ ನಟಿಸಿದ ಚಿತ್ರಕ್ಕೆ 'ದಾರಿ ತಪ್ಪಿದ ಮಗ' ಎಂದೇ ಹೆಸರು. ಹೆಣ್ಣಿನ ವಿಷಯಕ್ಕೆ ಬಂದರೆ 'ಕಾಲು ಜಾರಿದಳು'. ದಾರಿ ತಪ್ಪಿದವನು ಹಿಂದಿರುಗಬಹುದು, ದಾರಿ ಅಲ್ಲೇ ಇರುತ್ತದೆ. ಜಾರಿದ ಕಾಲಿಗೆ ಭಾಷೆ ಅಂಥ ಅವಕಾಶ ಇಟ್ಟಿಲ್ಲ. ಇದು ಕನ್ನಡದ ಹಿರಿಮೆಯಲ್ಲ.

ಕೊನೆಗೆ ತಪ್ಪನ್ನು ತೀರಿಸುವ ಬಗೆ. ಮನುಷ್ಯರ ನಡುವಿನದು ಪಂಚಾಯಿತಿಗೆ ಬಂದರೆ 'ತಪ್ಪುದಂಡ'. ದೇವರ ಹತ್ತಿರದ್ದು 'ತಪ್ಪುಕಾಣಿಕೆ': ಹರಕೆ ಮರೆತದ್ದಕ್ಕೆ, ಮೀಸಲು ಮುರಿದದ್ದಕ್ಕೆ, ಏನೆಂದು ನೆನಪಿಗೇ ಬಾರದ್ದಕ್ಕೆ. ಅರಿಸಿನದ ಬಟ್ಟೆಯ ಚೂರಿನಲ್ಲಿ ಒಂದು ನಾಣ್ಯ ಇಟ್ಟು ಗಂಟು ಹಾಕಿ ದೇವರ ಮುಂದೆ ಇಡುತ್ತಾರೆ, ಕೆನ್ನೆ ತಟ್ಟಿಕೊಳ್ಳುತ್ತಾರೆ. ಅಲ್ಲಿ ಆಡುವ ಮಾತು ಎರಡೇ ಪದ, 'ತೆಪ್ಪಾಯ್ತು ಕಣವ್ವ'. 'ಮಾಡಿದೆ' ಎಂಬುದು ಅಲ್ಲಿಯೂ ಬಾಯಿಗೆ ಬರುವುದಿಲ್ಲ. ಅದನ್ನು ನಾಣ್ಯಕ್ಕೆ ಬಿಟ್ಟಿರುತ್ತಾರೆ.