ಅತ್ತಿಗೆಯ ಕಂಪ್ಯೂಟರು

ಮೈಸೂರಿನಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ನನ್ನೆದುರಿಗೆ ಕುಳಿತಿದ್ದ ಹಿರಿಯರೊಬ್ಬರು ಮದ್ದೂರು ದಾಟುವವರೆಗೂ ಕುತೂಹಲವನ್ನು ಅದುಮಿಟ್ಟುಕೊಂಡಿದ್ದು, ಆಮೇಲೆ ತಡೆಯಲಾರದೆ ಕೇಳಿದರು: “ಹಾರ್ಮೋನಿಯಮ್ಮೆ?”

ನನ್ನ ಕಾಲಬುಡದಲ್ಲಿ ಹಳೆಯ ಜಮಖಾನದಲ್ಲಿ ಸುತ್ತಿ ಹಗ್ಗ ಬಿಗಿದ ಗಂಟೊಂದು ಇತ್ತು. “ಅಲ್ಲ, ಕಂಪ್ಯೂಟರು” ಎಂದೆ.

“ಹೊಸದೋ?”

“2008ರದು.”

ಅವರು ಮತ್ತೇನೂ ಕೇಳಲಿಲ್ಲ. ಗಂಟನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿಕೊಂಡರು. ಸಂತೆಯಿಂದ ಮುದಿ ಎತ್ತನ್ನು ಹಿಡಿದು ತರುವವನನ್ನು ಹಳ್ಳಿಯ ಕಟ್ಟೆಯ ಮೇಲೆ ಕುಳಿತವರು ನೋಡುವ ನೋಟ ಅದು.

ಅದು ನನ್ನ ಅತ್ತಿಗೆಯ ಕಂಪ್ಯೂಟರು. ಮಗಳು ಕೊಡಿಸಿದ್ದು ಅಣ್ಣನಿಗೆಂದು. ಅಣ್ಣ ಅದರ ಹತ್ತಿರ ಸುಳಿಯಲಿಲ್ಲ. ಅತ್ತಿಗೆ ಮಾತ್ರ ಅರವತ್ತು ದಾಟಿದ ಮೇಲೆ, ಮಧ್ಯಾಹ್ನದ ಹೊತ್ತು ಎಲ್ಲರೂ ಮಲಗಿದಾಗ, ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಕಲಿತರು. ಕೆ. ಪಿ. ರಾಯರು ರೂಪಿಸಿದ ಆ ಕೀಲಿಮಣೆಯಲ್ಲಿ ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡವೆಲ್ಲ ಅಡಗಿದೆ ಎಂಬುದನ್ನು ಅವರು ನನಗೆ ಬೆರಗಿನಿಂದ ವಿವರಿಸಿದ್ದು ಇನ್ನೂ ನೆನಪಿದೆ. ಕಲಿತದ್ದೇಕೆಂದರೆ, ಹಾಡು ಬರೆದಿಡಲು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಉರುಟಣೆ ಹಾಡು, ಬೀಗರನ್ನು ಛೇಡಿಸುವ ಹಾಡು, ಜೋಗುಳ, ಹೀಗೆ ನೂರಕ್ಕೂ ಮಿಕ್ಕಿ. ಅರ್ಧ ಅವರ ತವರಿನವು. ಉಳಿದರ್ಧ ನನ್ನ ತಾಯಿಯವು. ನನ್ನ ತಾಯಿಯ ಬಾಯಿಂದ ನಾನು ದಿನವೂ ಕೇಳಿದ ಹಾಡುಗಳಲ್ಲಿ ಒಂದನ್ನೂ ನಾನು ಪೂರ್ತಿ ಕಲಿಯಲಿಲ್ಲ. ಮನೆಗೆ ಸೊಸೆಯಾಗಿ ಬಂದವರು ಕಲಿತು ಬರೆದಿಟ್ಟರು.

2019ರಲ್ಲಿ ಅತ್ತಿಗೆ ತೀರಿಕೊಂಡರು. ಕಂಪ್ಯೂಟರಿಗೆ ಅಣ್ಣ ಒಂದು ಟವೆಲು ಹೊದಿಸಿದ. ಆರು ವರ್ಷ ಅದು ಹಾಗೆಯೇ ಇತ್ತು. ಕಳೆದ ಕಾರ್ತಿಕದಲ್ಲಿ ಅಣ್ಣನ ಮೊಮ್ಮಗಳ ಮದುವೆ ಗೊತ್ತಾಯಿತು, ಮಾಘದಲ್ಲಿ ಮುಹೂರ್ತ. ಅಣ್ಣನ ಮಗಳು ಫೋನು ಮಾಡಿ, “ಚಿಕ್ಕಪ್ಪ, ಅಮ್ಮನ ಹಾಡುಗಳು ಬೇಕಲ್ಲ” ಎಂದಳು. ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಬರೆದ ನೋಟುಬುಕ್ಕನ್ನು, ಕಂಪ್ಯೂಟರಿಗೆ ಏರಿಸಿದ ಮೇಲೆ ಇನ್ನೇಕೆಂದು ಅತ್ತಿಗೆಯೇ ರದ್ದಿಗೆ ಹಾಕಿದ್ದರಂತೆ. ಹೊಸ ಕಾಲವನ್ನು ಅಷ್ಟು ನಂಬಿದ ಹಳೆಯ ಕಾಲದವರನ್ನು ನಾನು ಬೇರೆ ಕಂಡಿಲ್ಲ.

ಅಣ್ಣ ಒಂದೇ ಕರಾರು ಹಾಕಿದ. “ಹಾಡು ತೆಗೆದುಕೊಂಡು ಡಬ್ಬ ಎಸೆದು ಬರಬೇಡ. ಅದು ಮತ್ತೆ ನಡೆಯಬೇಕು. ಅಲ್ಲೇ, ಆ ಮೇಜಿನ ಮೇಲೇ ಬರಬೇಕು.”

ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಅಂಗಡಿಯವನಿಗೆ ತೋರಿಸಿದೆ. ಅವನು ಪಕ್ಕದ ತಗಡು ಬಿಚ್ಚಿ ಒಳಗೆ ಇಣುಕಿ ನಕ್ಕ. “ಎಕ್ಸ್‌ಪಿ ಸಾರ್. 2014ರಲ್ಲೇ ಕಂಪನಿಯವರು ಕೈಬಿಟ್ಟರು. ಏಳು ಹೋಯಿತು, ಹತ್ತೂ ಮೊನ್ನೆ ಅಕ್ಟೋಬರಿನಲ್ಲಿ ಹೋಯಿತು. ಹನ್ನೊಂದು ಇದಕ್ಕೆ ಹತ್ತೋದೇ ಇಲ್ಲ. ಐನೂರು ಕೊಡ್ತೀನಿ, ಬಿಟ್ಟುಹೋಗಿ.” ವಿಂಡೋಸಿನ ಹನ್ನೊಂದನೆಯ ಆವೃತ್ತಿಗೆ ಟಿಪಿಎಂ ಎಂಬ ಕಾವಲು ಬಿಲ್ಲೆಯೂ ಈಚಿನ ಪ್ರೊಸೆಸರೂ ಇರಲೇಬೇಕಂತೆ. ಇದರಲ್ಲಿದ್ದದ್ದು 1 ಜಿಬಿ ನೆನಪು, 160 ಜಿಬಿ ಡಿಸ್ಕು. ನೆನಪು ಕಡಿಮೆಯಾದ ಮಾತ್ರಕ್ಕೆ ಐನೂರು ರೂಪಾಯಿಗೆ ಹೋಗುವುದಾದರೆ ನನ್ನನ್ನು ಯಾರು ಉಳಿಸಿಕೊಂಡಾರು? ಗಂಟು ಕಟ್ಟಿಕೊಂಡು ಮನೆಗೆ ಬಂದೆ.

ಎದುರುಮನೆಯ ಹುಡುಗಿ ಇಂಜಿನಿಯರಿಂಗು ಓದುತ್ತಿದ್ದಾಳೆ. ಅವಳು ಬಂದು ನೋಡಿ, “ತಾತ, ಇದು ಅರವತ್ತನಾಲ್ಕು ಬಿಟ್ಟಿನ ಪ್ರೊಸೆಸರು. ಇನ್ನೂ ಜೀವ ಇದೆ” ಎಂದಳು. ನಾಡಿ ಹಿಡಿದು ನೋಡಿದ ವೈದ್ಯರ ಧಾಟಿಯಲ್ಲೇ.

ಮೊದಲ ದಿನ ಬರಿಯ ಕಸ ಗುಡಿಸಿದ್ದಾಯಿತು. ಫ್ಯಾನಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಾಗಿ ಕೂತಿತ್ತು. ಮೂಲೆಯಲ್ಲಿ ಎರಡು ಹಲ್ಲಿಮೊಟ್ಟೆಯ ಚಿಪ್ಪು. ಬಣ್ಣದ ಕುಂಚದಿಂದ ಎಲ್ಲವನ್ನೂ ಬಿಡಿಸಿದೆವು. ಪ್ರೊಸೆಸರಿನ ತಲೆಯ ಮೇಲೆ ಒಣಗಿ ಸುಣ್ಣವಾಗಿದ್ದ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದಳು. ಅದಿಲ್ಲದಿದ್ದರೆ ಬಿಸಿ ಮೇಲಿನ ಲೋಹಕ್ಕೆ ದಾಟುವುದಿಲ್ಲವಂತೆ. ಗುಂಡಿ ಒತ್ತಿದರೆ ಯಂತ್ರ ಬೀಪ್ ಬೀಪ್ ಎಂದು ಗೋಗರೆಯಿತೇ ಹೊರತು ಪರದೆ ಬೆಳಗಲಿಲ್ಲ. ಆಕೆ ರ‍್ಯಾಮಿನ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲಿನ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದಳು. ಪರದೆ ಬೆಳಗಿತು! ಒಂದನೆಯ ತರಗತಿಯಲ್ಲಿ ಕೈಗೆ ಬಂದ ರಬ್ಬರು ಇಪ್ಪತ್ತೊಂದನೆಯ ಶತಮಾನದಲ್ಲಿ ಈ ಕೆಲಸಕ್ಕೆ ಬರುತ್ತದೆಂದು ಯಾರು ಕಂಡಿದ್ದರು?

ಪರದೆಯ ಮೇಲೆ ಬಂದ ತಾರೀಖು 2008ರ ಜನವರಿ 1. ಒಳಗಿನ ರೂಪಾಯಿ ಬಿಲ್ಲೆಯಂಥ ಬ್ಯಾಟರಿ ಸತ್ತಿದ್ದರಿಂದ, ಎಷ್ಟು ಸಲ ಹಚ್ಚಿದರೂ ಅದಕ್ಕೆ ಅದೇ ದಿನ. ಬ್ಯಾಟರಿ ಹೊಸದು ಹಾಕುವವರೆಗೆ ಅದರ ಲೆಕ್ಕದಲ್ಲಿ ಅತ್ತಿಗೆ ಇದ್ದರು. ನಾನು ಇದನ್ನು ಹುಡುಗಿಗೆ ಹೇಳಲಿಲ್ಲ.

ಎಕ್ಸ್‌ಪಿ ಅರ್ಧ ದಾರಿ ಬಂದು ನೀಲಿ ಪರದೆ ತೋರಿಸಿ ನಿಂತಿತು. ಡಿಸ್ಕಿನಿಂದ ಟಕ್ ಟಕ್ ಎಂದು ಗಡಿಯಾರದ ಸದ್ದು. “ಇದನ್ನು ಜಾಸ್ತಿ ಹೊತ್ತು ಓಡಿಸಬಾರದು ತಾತ” ಎಂದಳು ಹುಡುಗಿ. ಮಾರನೆಯ ದಿನ ಪುರಭವನದ ಹತ್ತಿರದ ಎಸ್. ಪಿ. ರಸ್ತೆಗೆ ಹೋದೆವು. ಸಾದರ್ ಪತ್ರಪ್ಪನವರ ಹೆಸರಿನ ಈ ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ. ಡಿಡಿಆರ್-2 ಜಾತಿಯ ರ‍್ಯಾಮನ್ನು ಈಗ ಹೊಸದಾಗಿ ಕೇಳುವವರಿಲ್ಲ. ಹಳೆಯವೆರಡನ್ನು ಒಬ್ಬ ಬಿಸ್ಕತ್ತಿನ ಡಬ್ಬದಿಂದ ಹೆಕ್ಕಿ ಕೊಟ್ಟ. ಎರಡೆರಡು ಜಿಬಿ, ಒಟ್ಟು ನಾಲ್ಕು. ಆ ಮದರ್‌ಬೋರ್ಡು ತಡೆಯುವುದೇ ಅಷ್ಟು. ಜತೆಗೆ 120 ಜಿಬಿಯ ಎಸ್‌ಎಸ್‌ಡಿ ಒಂದು. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಮುಳ್ಳಿಲ್ಲ. ಹಳೆಯ ಡಿಸ್ಕಿನ ತಂತಿಯೇ ಇದಕ್ಕೂ ಒಪ್ಪುತ್ತದೆ. ಮುದಿ ಯಂತ್ರದ ನಡಿಗೆ ಚುರುಕಾಗುವುದು ಬೇರೆಲ್ಲಕ್ಕಿಂತ ಇದರಿಂದ.

ಹೊಸ ತಂತ್ರಾಂಶದ ಹೆಸರು ಲಿನಕ್ಸ್ ಮಿಂಟ್. “ಮಿಂಟ್ ಅಂದ್ರೆ ಪುದೀನ ಅಲ್ವೇನ್ರೀ?” ಎಂದಳು ನನ್ನಾಕೆ. ಹೌದು, ಪುದೀನವೇ. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹವ್ಯಾಸಕ್ಕೆಂದು ಬರೆಯತೊಡಗಿದ ತಿರುಳಿನ ಸುತ್ತ ಊರೂರಿನ ಜನ ಕೈಹಾಕಿ ಬೆಳೆಸಿದ್ದು ಇದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು; ಕಾಸಿಲ್ಲ. ಇದರ ಆವೃತ್ತಿಗಳಿಗೆಲ್ಲ ಹೆಣ್ಣುಮಕ್ಕಳ ಹೆಸರು. ನಮ್ಮ ಮನೆಗೆ ಬಂದದ್ದು 2024ರಲ್ಲಿ ಹೊರಬಂದ ವಿಲ್ಮಾ, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಉಡುಪಿನವಳು. ಭಾರದ ಉಡುಪನ್ನು ಮುದಿ ಯಂತ್ರ ಹೊರಲಾರದು. ಹುಡುಗಿ ಇದನ್ನು ಪೆನ್‌ಡ್ರೈವಿಗೆ ಬರೆದು ತಂದಿದ್ದಳು. ವಿಶೇಷವೆಂದರೆ, ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನ ಮೇಲೇ ಇಡೀ ವ್ಯವಸ್ಥೆ ನಿಂತು ಓಡುತ್ತದೆ. ನೆಂಟರ ಮನೆಗೆ ಬಂದವರು ಹಾಸಿಗೆ ಬಿಚ್ಚದೆ ಜಗಲಿಯಲ್ಲೇ ಮಾತಾಡಿಕೊಂಡು ಹೋದ ಹಾಗೆ.

ಅಷ್ಟು ಹಚ್ಚಿಕೊಟ್ಟು ಅವಳು, “ಈಗ ಬಂದೆ ತಾತ, ಏನೂ ಮುಟ್ಟಬೇಡಿ” ಎಂದು ಊಟಕ್ಕೆ ಹೋದಳು.

ಮುಟ್ಟಬೇಡಿ ಎಂದದ್ದನ್ನು ಮುಟ್ಟದೆ ಇರಲು ನನಗೆ ಎಪ್ಪತ್ತಾರು ವರ್ಷವೂ ಸಾಲಲಿಲ್ಲ. ಪರದೆಯ ಮೇಲೆ ‘ಸ್ಥಾಪಿಸು’ ಎಂಬರ್ಥದ ಚಿತ್ರವೊಂದು ಕರೆಯುತ್ತಿತ್ತು. ಅವಳು ಬರುವುದರೊಳಗೆ ಅರ್ಧ ಕೆಲಸ ಮುಗಿಸಿರೋಣವೆಂದು ಒತ್ತಿದೆ. ಭಾಷೆ ಕೇಳಿತು, ಹೇಳಿದೆ. ಕೀಲಿಮಣೆ ಕೇಳಿತು, ಹೇಳಿದೆ. ಬಹಳ ವಿನಯದ ಯಂತ್ರ. ಮುಂದಿನ ಪುಟದಲ್ಲಿ ಡಿಸ್ಕನ್ನು ಅಳಿಸಿ ಸ್ಥಾಪಿಸಲೇ ಎಂದು ಕೇಳಿತು. ಅಷ್ಟರಲ್ಲಿ ಉತ್ಸಾಹ ಏರಿತ್ತು. ಅದಕ್ಕೂ ಹೂಂ ಎಂದೆ. ಕೊನೆಯ ಗುಂಡಿಯೊಂದು ಉಳಿದಿತ್ತು. ಕಾಫಿ ತಂದ ನನ್ನಾಕೆ ಹೆಗಲ ಮೇಲಿಂದ ಬಗ್ಗಿ ಓದಿ, “ಅಳಿಸೋದು ಅಂದ್ರೆ ಏನನ್ನ? ಅಕ್ಕನ ಹಾಡು ಅದರೊಳಗೇ ಇದೆಯಲ್ರೀ?” ಎಂದಳು.

ಕನ್ನಡಕ ಒರೆಸಿಕೊಂಡು ನೋಡಿದೆ. ಆರಿಸಿದ್ದ ಡಿಸ್ಕಿನ ಅಳತೆ 120 ಅಲ್ಲ, 160. ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಹುಡುಗಿ ಬರುವವರೆಗೆ ನಾವಿಬ್ಬರೂ ಹಾಗೇ ಕುಳಿತಿದ್ದೆವು. ಕಾಫಿ ಆರಿಹೋಯಿತು.

ಅವಳು ಬಂದು ಬೈಯಲಿಲ್ಲ. ಮೊದಲು ಹಳೆಯ ಡಿಸ್ಕಿನ ಕಡತಗಳನ್ನೆಲ್ಲ ಬೇರೊಂದು ಪೆನ್‌ಡ್ರೈವಿಗೆ ನಕಲು ಮಾಡಿದಳು. ಒಂದೊಂದು ಟಕ್ಕಿಗೂ ನಕಲು ನಿಲ್ಲುವುದು, ಮತ್ತೆ ಹೊರಡುವುದು. ಸಂಜೆಯಾಯಿತು. ಮೂರು ಕಡತ ಎಷ್ಟು ಕೇಳಿಕೊಂಡರೂ ಬರಲಿಲ್ಲ, ಉಳಿದವು ಬಂದವು. ಆಮೇಲೆ ಹಳೆಯ ಡಿಸ್ಕಿನ ತಂತಿಯನ್ನೇ ಕಿತ್ತಿಟ್ಟು, “ಈಗ ಒತ್ತಿ ತಾತ” ಎಂದಳು. ಸ್ಥಾಪನೆಗೆ ಹಿಡಿದದ್ದು ಅರ್ಧ ಗಂಟೆ.

ಕೆಲಸ ಮುಗಿಯಿತೆಂದುಕೊಂಡೆ. ಹಾಡಿನ ಕಡತ ತೆರೆದರೆ ಕನ್ನಡವೇ ಇಲ್ಲ! ತಲೆಯ ಮೇಲೆ ಗೀರು ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ನುಡಿಯ ಆ ಕಾಲದ ವ್ಯವಸ್ಥೆಯೇ ಹಾಗೆ. ಅದು ಇಂಗ್ಲಿಷಿನ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಬಾಡಿಗೆಗೆ ಇಟ್ಟಿತ್ತು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಕಾರಕ್ಕೆ ಇಂಗ್ಲಿಷಿನ ಪಿ, ಅದರ ತಲೆಕಟ್ಟಿಗೆ ಗೀರು ಹೊತ್ತ ಎ, ನಕಾರಕ್ಕೆ ಬ್ರಿಟಿಷರ ಪೌಂಡಿನ ಗುರುತು, ನಕಾರದ ಒತ್ತಿಗೆ ಜರ್ಮನರ ಒಂದು ಅಕ್ಷರ, ಡಕಾರಕ್ಕೆ ಕ್ಯೂ. ನುಡಿಯ ಅಕ್ಷರಶೈಲಿ ಜತೆಗಿದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಪೌಂಡು ಕಾಣುತ್ತದೆ. ಹಳೆಯ ಡಿಸ್ಕಿನಿಂದ ಬಂದ ಅಕ್ಷರಶೈಲಿಯನ್ನು ಹುಡುಗಿ ಹಾಕಿದಳು, ಹಾಡುಗಳು ಪರದೆಯ ಮೇಲೆ ನಿಂತವು. ನನಗೆ ಅಷ್ಟೇ ಸಾಕಾಗಿತ್ತು. ಆದರೆ ಅಣ್ಣನ ಮಗಳ ಮೊಬೈಲಿಗೆ ಒಂದು ಹಾಡು ಕಳಿಸಿದರೆ ಅವಳಿಗೆ ಕಂಡದ್ದು ಮತ್ತೆ ಪೌಂಡು, ಕ್ಯೂ. “ಇದು ವೇಷ ಅಷ್ಟೇ ತಾತ. ಯೂನಿಕೋಡಿಗೆ ಬದಲಾಯಿಸಬೇಕು” ಎಂದಳು ಹುಡುಗಿ. ಯೂನಿಕೋಡಿನಲ್ಲಿ ನಮ್ಮ ಕಕಾರಕ್ಕೆ ಸ್ವಂತ ಮನೆಯಿದೆ, 3221ನೆಯ ನಂಬರಿನದು. ಅಲ್ಲಿ ಬೇರೆ ಯಾರೂ ವಾಸವಿಲ್ಲ.

ಹಾಗೆ ಬದಲಾಯಿಸುವ ಪರಿವರ್ತಕಗಳನ್ನು ನಮ್ಮ ಕನ್ನಡದ ಹುಡುಗರೇ ಬರೆದು ಬಿಟ್ಟಿಯಾಗಿ ಇಟ್ಟಿದ್ದಾರೆ. ಅವರ ಅಕ್ಷರಶೈಲಿಗಳಿಗೆ ಗುಬ್ಬಿ, ನವಿಲು ಎಂದು ಹೆಸರು. ಇಂಥವರು ಇರುವುದರಿಂದಲೇ ಕನ್ನಡ ನಡೆದಿದೆ, ಭಾಷಣಗಳಿಂದಲ್ಲ ಎಂದು ನನ್ನ ಅಭಿಪ್ರಾಯ. ನವೆಂಬರಿನಲ್ಲಿ ಹೇಳಿದರೆ ಯಾರಾದರೂ ಜಗಳಕ್ಕೆ ಬಂದಾರು. ಪರಿವರ್ತನೆಯಲ್ಲಿ ಹೆಚ್ಚು ತೊಂದರೆ ಕೊಟ್ಟದ್ದು ಅರ್ಕಾವೊತ್ತು. ‘ಧರ್ಮ’ ಎನ್ನುವಾಗ ರಕಾರವನ್ನು ಮಕಾರಕ್ಕಿಂತ ಮೊದಲು ನುಡಿಯುತ್ತೇವೆ, ಆಮೇಲೆ ಬರೆಯುತ್ತೇವೆ. ನುಡಿಯ ಕಡತ ಬರೆದ ಕ್ರಮದಲ್ಲಿಟ್ಟಿತ್ತು. ಯೂನಿಕೋಡು ನುಡಿದ ಕ್ರಮದಲ್ಲಿ ಕೇಳುತ್ತದೆ. ಪರಿವರ್ತಕ ಹಿಂದಿನದನ್ನು ಮುಂದಕ್ಕೆ ತರುವಾಗ ಅಲ್ಲಲ್ಲಿ ಎಡವಿತು. ಒಂದೊಂದು ಹಾಡನ್ನೂ ಕಣ್ಣಿಟ್ಟು ತಿದ್ದಬೇಕಾಯಿತು.

ಸಿಗದ ಮೂರು ಕಡತಗಳ ಹೆಸರು ಮಾತ್ರ ಉಳಿದಿತ್ತು: ಎರಡು ಉರುಟಣೆ, ಒಂದು ಜೋಗುಳ. ಉರುಟಣೆಯವೆರಡೂ ನನ್ನಾಕೆಗೆ ಬರುತ್ತಿದ್ದವು, ಅತ್ತಿಗೆಯೇ ಕಲಿಸಿದ್ದು. ಅವಳು ಅಡಿಗೆಮನೆಯಿಂದ ಹಾಡಿದಳು, ನಾನು ಇಲ್ಲಿ ಬೆರಳಚ್ಚು ಮಾಡಿದೆ. ಜೋಗುಳ ನನ್ನ ತಾಯಿಯದು. ಅದು ನನ್ನನ್ನು ತೂಗಿದ ಹಾಡು. ನನಗೆ ಮೊದಲ ಸಾಲಿನ ರಾಗ ಬರುತ್ತದೆ, ಮಾತು ಬರುವುದಿಲ್ಲ.

ಪುಷ್ಯದಲ್ಲಿ ಯಂತ್ರವನ್ನು ಅದೇ ಜಮಖಾನದಲ್ಲಿ ಸುತ್ತಿ ಮೈಸೂರಿಗೆ ಒಯ್ದೆ. ಅದೇ ಮೇಜು. ಅಣ್ಣ ಟವೆಲನ್ನು ಮಡಿಸಿ ಬೀರುವಿನಲ್ಲಿಟ್ಟ. ಕೀಲಿಮಣೆಯ ವಿನ್ಯಾಸ ಅತ್ತಿಗೆ ಬಳಸುತ್ತಿದ್ದದ್ದೇ. ಲಿನಕ್ಸಿನಲ್ಲೂ ಅದು ಸಿಗುತ್ತದೆ. ಎಂಬತ್ತನಾಲ್ಕರ ಅಣ್ಣನಿಗೆ ತಿದ್ದುವುದು ಹೇಗೆಂದು ಎರಡು ದಿನ ಕೂತು ತೋರಿಸಿದೆ. ಮದುವೆಯಲ್ಲಿ ಹೆಂಗಸರು ಅಚ್ಚು ಮಾಡಿದ ಹಾಳೆಗಳನ್ನು ಹಿಡಿದು ಹಾಡಿದರು. ಛೇಡಿಸುವ ಹಾಡಿಗೆ ಬೀಗರು ಮನಸಾರೆ ನಕ್ಕರು.

ಈಗ ಅಣ್ಣ ದಿನಾ ಮಧ್ಯಾಹ್ನ ಮೂರಕ್ಕೆ ಫೋನು ಮಾಡುತ್ತಾನೆ. ನಲವತ್ತು ವರ್ಷ ಮನೆಯಲ್ಲಿ ಹಾಡಿದ್ದನ್ನು ಕಿವಿಗೆ ಹಾಕಿಕೊಳ್ಳದಿದ್ದವನಿಗೆ ಒಂದೊಂದು ಅಕ್ಷರದ ಸಂಶಯ. ನಿನ್ನೆ ಕೇಳಿದ: “ಏಳನೆಯ ಆರತಿ ಹಾಡಿನಲ್ಲಿ ‘ವರ್ಣ’ ಅಂತಲೋ, ‘ಸ್ವರ್ಣ’ ಅಂತಲೋ? ಅವಳು ಏನೆಂದು ಹಾಡುತ್ತಿದ್ದಳು, ನಿನ್ನ ಹೆಂಡತಿಯನ್ನು ಕೇಳಿ ಹೇಳು. ನಾನು ಕಾದಿರುತ್ತೇನೆ, ಇಡಬೇಡ.”