ಹನ್ನೊಂದು ತಾಸು

ಸಂಸ್ಥೆಯ ಪರವಾಗಿ ಲೋಕಕ್ಕೆ ಆಡುವ ಮಾತನ್ನು ತೂಗಿ ನೋಡುವುದೇ ಸಾರ್ವಜನಿಕ ಸಂಪರ್ಕಾಧಿಕಾರಿಯ ಕಾಯಕ. ನ್ಯೂಯಾರ್ಕಿನಲ್ಲಿ ಆ ಕಾಯಕದಲ್ಲಿದ್ದ ಮಹಿಳೆಯೊಬ್ಬರು 2013ರ ಡಿಸೆಂಬರ್ 20ರಂದು, ಲಂಡನ್ನಿನಲ್ಲಿ ಕೇಪ್‌ಟೌನಿನ ವಿಮಾನವೇರುವ ಮುನ್ನ, ಆಫ್ರಿಕಾ, ಏಡ್ಸ್ ಹಾಗೂ ತಮ್ಮ ಬಿಳಿಬಣ್ಣವನ್ನು ಕುರಿತು ಟ್ವಿಟರಿನಲ್ಲಿ ಕುಹಕದ ಸಾಲೊಂದನ್ನು ಬರೆದರು. ಅಲ್ಲಿ ಅವರನ್ನು ಹಿಂಬಾಲಿಸುತ್ತಿದ್ದವರು ಸುಮಾರು 170 ಮಂದಿ ಮಾತ್ರ. ತಮ್ಮ ನಾಡಿನವರ ಕುರುಡನ್ನೇ ಅಣಕಿಸಿದ್ದೆಂದು ಬಳಿಕ ಅವರು ಲೇಖಕ ಜಾನ್ ರಾನ್ಸನ್ನರಿಗೆ ಹೇಳಿಕೊಂಡರು. ಇದ್ದೀತು, ಆದರೆ ನೊಂದವರಿಗೆ ಆ ಅಣಕ ತಿಳಿಯುವ ಬಗೆಯೆಂತು?

ಅವರು ಆಗಸದಲ್ಲಿದ್ದ ಹನ್ನೊಂದು ತಾಸಿನಲ್ಲಿ ನೆಲದ ಮೇಲೆ ಅಸಂಖ್ಯ ಜನ ನ್ಯಾಯಾಧೀಶರಾದರು. ವಿಮಾನ ಇಳಿಯುವುದನ್ನು ಜಾತ್ರೆಗೆ ಕಾದಂತೆ ಕಾದರು. ಕೆಲಸ ಹೋಯಿತು. ಕೇಪ್‌ಟೌನಿನಲ್ಲಿ ಫೋನ್ ತೆರೆದಾಗ ಅವರಿಗೆ ಮೊದಲು ಕಂಡದ್ದು, ಶಾಲೆಯ ದಿನಗಳ ತರುವಾಯ ಮಾತೇ ಆಡಿರದ ಪರಿಚಿತರೊಬ್ಬರ ಅನುತಾಪ.